ಮೇಲುಕೋಟೆಯ ತೊಟ್ಟಿಮನೆ: ಕೊಳ್ಳೋದಾ, ಬೇಡ್ವಾ?

ವಾಟ್ಸಾಪ್‌ಗೆ ಬಂದದ್ದು ಒಂದೇ ಫೋಟೋ. ನಾಲ್ಕು ಮರದ ಕಂಬ, ನಡುವೆ ಚೌಕದ ತೊಟ್ಟಿ, ಮೇಲಿಂದ ಇಳಿದ ಬಿಸಿಲು. ಕೆಳಗೆ ಬ್ರೋಕರ್ ಬರೆದಿದ್ದ: 'ಮೇಲುಕೋಟೆ. 40×90. 65 ಲಕ್ಷ. ಅರ್ಜೆಂಟ್.'

ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು. ಯಾರೋ ಸರ್ವರ್ ಬಗ್ಗೆ ಮಾತಾಡ್ತಿದ್ರು, ನಾನು ಫೋಟೋ ಝೂಮ್ ಮಾಡಿ ಕಂಬದ ಕೆತ್ತನೆ ನೋಡ್ತಾ ಕೂತಿದ್ದೆ. ಹೆಂಡತಿಗೆ ಫಾರ್ವರ್ಡ್ ಮಾಡಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: 'ಕಂಬ ಚೆನ್ನಾಗಿದೆ. ಬಾತ್‌ರೂಮ್ ಎಲ್ಲಿ?'

ಎರಡು ವರ್ಷದಿಂದ ನಾವಿಬ್ಬರೂ ಮನೆ ಹುಡುಕ್ತಿದ್ವಿ. ಹುಡುಕ್ತಿದ್ದದ್ದು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಪ್ರತಿ ಭಾನುವಾರ ಒಂದು ಮಾಡೆಲ್ ಫ್ಲ್ಯಾಟ್, ಒಂದು ಕಪ್ ಕಾಫಿ, ಒಂದು ಬ್ರೋಷರ್. ಡೌನ್ ಪೇಮೆಂಟ್‌ಗೆ ಅಂತ ಕೂಡಿಟ್ಟ ದುಡ್ಡು ಮದುವೆಯಾದಾಗಿನಿಂದ ನಾವು ಮಾಡಿದ ಉಳಿತಾಯ ಅಷ್ಟೂ. ಅದರಲ್ಲಿ ಒಂದು ಮನೆ ಬರುತ್ತೆ, ಎರಡಲ್ಲ. ಹಾಗಾಗಿ ಮೇಲುಕೋಟೆಯ ಮನೆ ತಗೊಂಡ್ರೆ ಬೆಂಗಳೂರಿನ ಫ್ಲ್ಯಾಟ್ ಇಲ್ಲ, ಬಾಡಿಗೆ ಮನೆಯಲ್ಲೇ ಇರಬೇಕು. ಇದು ಮೊದಲ ದಿನದಿಂದ ಗೊತ್ತಿತ್ತು. ಆದರೂ ಜನವರಿಯ ಒಂದು ಶನಿವಾರ ಬೆಳಗ್ಗೆ ಆರಕ್ಕೇ ಹೊರಟ್ವಿ.

ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮಂಡ್ಯದವರೆಗೆ ಹೋಗಿದ್ದೇ ಗೊತ್ತಾಗಲ್ಲ. ಪಾಂಡವಪುರದ ಕಡೆ ತಿರುಗಿದ ಮೇಲೇ ರಸ್ತೆ ರಸ್ತೆಯ ಥರ ಕಾಣೋದು. ಕಬ್ಬಿನ ಗಾಡಿ, ಆಲೆಮನೆಯ ಹೊಗೆ, ಆಮೇಲೆ ಜಕ್ಕನಹಳ್ಳಿ. ಅಲ್ಲಿಂದ ಬೆಟ್ಟ ಹತ್ತುತ್ತಿದ್ದ ಹಾಗೆ ಗಾಳಿ ಬದಲಾಗುತ್ತೆ. ತುದಿಯಲ್ಲಿ ಯೋಗಾನರಸಿಂಹ, ಕೆಳಗೆ ಕಲ್ಯಾಣಿ. ಕಲ್ಯಾಣಿಯ ಸುತ್ತ ಪ್ರೀ-ವೆಡ್ಡಿಂಗ್ ಶೂಟಿಂಗ್‌ಗೆ ಬಂದ ಎರಡು ಜೋಡಿ ಆಗಲೇ ಹಾಜರಿದ್ವು.

ಮೇಲುಕೋಟೆ ನಿಮಗೆ ಗೊತ್ತಿರೋ ಊರೇ. ಪುಳಿಯೋಗರೆ, ವೈರಮುಡಿ, ರಾಯಗೋಪುರದ ಎತ್ತರದ ಕಂಬಗಳ ಕೆಳಗೆ ಸೆಲ್ಫಿ. ಆದರೆ ನಾವೆಲ್ಲ ದೇವಸ್ಥಾನದಿಂದ ಬೆಟ್ಟಕ್ಕೆ, ಬೆಟ್ಟದಿಂದ ಕಾರಿಗೆ ಅಂತ ಓಡಾಡೋದು. ಬೀದಿಗಳ ಒಳಗೆ ನಡೆದರೆ ಬೇರೆಯದೇ ಊರು. ಉದ್ದಕ್ಕೂ ಜಗಲಿ, ಜಗಲಿಯ ಮೇಲೆ ಕಂಬ, ಬಾಗಿಲಿಗೆ ಬೀಗ. ಮಕ್ಕಳು ಮೈಸೂರು, ಬೆಂಗಳೂರು, ಅಮೆರಿಕ ಸೇರಿ, ಹಬ್ಬಕ್ಕೆ ಮಾತ್ರ ತೆಗೆಯೋ ಮನೆಗಳು. ಕೆಲವು ಬೀಗಗಳಿಗೆ ತುಕ್ಕು ಎಷ್ಟು ಹಿಡಿದಿದೆ ಅಂದ್ರೆ ಹಬ್ಬಕ್ಕೂ ಯಾರೂ ಬಂದಿಲ್ಲ ಅಂತ ಗೊತ್ತಾಗುತ್ತೆ.

ನಾವು ನೋಡಬೇಕಿದ್ದ ಮನೆಗೆ ಬೀಗ ಇರಲಿಲ್ಲ. ಯಜಮಾನರು ಜಗಲಿಯಲ್ಲೇ ಕೂತು ಪೇಪರ್ ಓದ್ತಿದ್ರು. ವಯಸ್ಸು 79. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮಗ ಮೈಸೂರಿನಲ್ಲಿ, 'ಒಬ್ಬರೇ ಇರಬೇಡಿ, ಬನ್ನಿ' ಅಂತ ಹಠ ಹಿಡಿದಿದ್ದಾರೆ.

"ಚಪ್ಪಲಿ ಅಲ್ಲೇ ಬಿಡಿ. ತಲೆ ಬಗ್ಗಿಸಿ ಬನ್ನಿ" ಅಂದ್ರು. ಬಗ್ಗಿಸಿದೆ, ಆದರೂ ಬಾಗಿಲ ಮೇಲಡ್ಡಕ್ಕೆ ಹಣೆ ಹೊಡೀತು. ಅವರು ನಗಲಿಲ್ಲ. "ಎಲ್ಲರಿಗೂ ಮೊದಲ ಸಲ ಆಗುತ್ತೆ."

ಒಳಗೆ ಕಾಲಿಟ್ಟಾಗ ಆದದ್ದನ್ನು ಹೇಗೆ ಹೇಳೋದು? ಹೊರಗೆ ಬಿಸಿಲು ಏರಿತ್ತು, ಒಳಗೆ ತಂಪು. ಮಣ್ಣಿನ ಗೋಡೆ, ನನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಳತೆ ಮಾಡಿದ್ರೂ ಇನ್ನೂ ಉಳಿಯೋ ಅಷ್ಟು ದಪ್ಪ. ಕಾವಿಯ ನೆಲ ಕನ್ನಡಿ ಥರ. ತೊಟ್ಟಿಯ ಸುತ್ತ ಪಡಸಾಲೆ, ಒಂದು ಮೂಲೆಯಲ್ಲಿ ಒರಳುಕಲ್ಲು, ಹಿಂದೆ ಅಡುಗೆಮನೆ, ಅದರಾಚೆ ಹಂಡೆ ಇರೋ ಬಚ್ಚಲುಮನೆ, ಹಿತ್ತಲಲ್ಲಿ ಬಾವಿ. ಹೆಂಡತಿ ಕೇಳಿದ ಬಾತ್‌ರೂಮ್‌ಗೆ ಉತ್ತರವೂ ಅಲ್ಲೇ ಇತ್ತು: ಶೌಚಾಲಯ ಹಿತ್ತಲ ತುದಿಯಲ್ಲಿ, ರಾತ್ರಿ ಟಾರ್ಚ್ ಹಿಡಿದು ಮೂವತ್ತು ಹೆಜ್ಜೆ.

ಅಟ್ಟದಲ್ಲಿ ಕೆಲವು ಬಿಡಿ ಹೆಂಚು ಜೋಡಿಸಿಟ್ಟಿದ್ರು. ಒಂದನ್ನು ತಿರುಗಿಸಿದೆ, ಬೆನ್ನಲ್ಲಿ 1865 ಅಂತ ಅಚ್ಚು. ಮೈ ಜುಂ ಅಂತು. ನೂರೈವತ್ತು ವರ್ಷ ದಾಟಿದ ಮನೆ! ಫೋಟೋ ತೆಗೆದು ಗೆಳೆಯರ ಗ್ರೂಪಿಗೂ ಹಾಕಿಬಿಟ್ಟೆ. ಆಮೇಲೆ ಓದಿ ತಿಳಿದದ್ದು, ಅದು ಹೆಂಚು ತಯಾರಾದ ವರ್ಷ ಅಲ್ಲ, ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಕಂಪನಿಯ ಹೆಸರಿನ ಜೊತೆ ಅದನ್ನೂ ಅಚ್ಚು ಹಾಕ್ತಿದ್ರು. ಮನೆಗೆ ಮೊದಲು ನಾಡಹೆಂಚು ಇತ್ತಂತೆ, ಇವು ಆಮೇಲೆ ಬಂದವು. ಮನೆ ಎಷ್ಟು ಹಳೇದು ಅಂದ್ರೆ ಯಜಮಾನರು ಹೇಳೋದು ಇಷ್ಟೇ: "ನಮ್ಮ ತಾತ ಕಟ್ಟಿಸಿದ್ದು." ನೂರು ವರ್ಷದ ಆಚೀಚೆ ಇರಬಹುದು. ಗ್ರೂಪಿನಲ್ಲಿ ತಿದ್ದುಪಡಿ ಹಾಕಲಿಲ್ಲ, ಅದು ಬೇರೆ ಮಾತು.

ವಾಪಸ್ ಬರ್ತಾ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ತೊಟ್ಟಿಯ ಪಕ್ಕ ಟೇಬಲ್ ಹಾಕಿ ಕೆಲಸ ಮಾಡಬಹುದು, ಫೈಬರ್ ಇಂಟರ್ನೆಟ್ ಇದೆಯಂತೆ, ಅಮ್ಮ ಅಪ್ಪ ಬಂದು ಇರಬಹುದು. ಎಲ್ಲ ಕೇಳಿಸಿಕೊಂಡು ಇವಳು ಬಿಡದಿ ಹತ್ರ ಅಂದ್ಲು: "ಇದು ನಿಮ್ಮಜ್ಜಿ ಮನೆ ಅಲ್ಲ, ಗೊತ್ತಲ್ವಾ?"

ಗೊತ್ತು. ಅಜ್ಜಿ ಮನೆ ಇದ್ದದ್ದು ಚನ್ನರಾಯಪಟ್ಟಣದ ಹತ್ರದ ಹಳ್ಳಿಯಲ್ಲಿ. ನನ್ನ ಇಂಜಿನಿಯರಿಂಗ್ ಫೀಸಿನ ಕಾಲಕ್ಕೆ ಅಪ್ಪ, ಚಿಕ್ಕಪ್ಪ ಸೇರಿ ಮಾರಿದ್ರು. ಕೊಂಡವರು ಒಂದೇ ವಾರದಲ್ಲಿ ಜೆಸಿಬಿ ತಂದು ಕೆಡವಿದ್ರು. ಈಗ ಅಲ್ಲಿ ಹಸಿರು ಬಣ್ಣದ ಆರ್‌ಸಿಸಿ ಕಟ್ಟಡ ಇದೆ, ಕೆಳಗೆ ಗೊಬ್ಬರದ ಅಂಗಡಿ. ಅವರದ್ದೇನೂ ತಪ್ಪಿಲ್ಲ. ಆದರೆ ಆ ಫೀಸಿನಿಂದ ಓದಿ, ಆ ಓದಿನಿಂದ ಬಂದ ದುಡ್ಡು ಈಗ ಕೈಯಲ್ಲಿರುವಾಗ ಇಂಥ ಫೋಟೋ ಬಂದ್ರೆ ತಲೆ ಸರಿಯಾಗಿ ಕೆಲಸ ಮಾಡಲ್ಲ. ಇವಳು ಹೇಳಿದ್ದು ಅದನ್ನೇ.

ಅದಕ್ಕೇ ಎರಡನೇ ಸಲ ಹೋದಾಗ ಜೊತೆಗೆ ಒಬ್ಬ ಹಳೇ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋದ್ವಿ. ಹಳೇ ಮನೆ ನೋಡೋಕೆ ಹೋಗೋರು ಇದೊಂದನ್ನು ಮಾತ್ರ ತಪ್ಪಿಸಬೇಡಿ. ಹೊಸ ಕಟ್ಟಡದ ಸಿವಿಲ್ ಇಂಜಿನಿಯರ್ ಒಬ್ಬರೇ ಸಾಲಲ್ಲ, ಸುಣ್ಣ-ಮಣ್ಣಿನ ಕೆಲಸ ಕೈಯಾರೆ ಮಾಡಿದವರು ಬೇಕು. ಮೇಸ್ತ್ರಿ ತೊಟ್ಟಿ ಕಡೆ ತಿರುಗಿಯೂ ನೋಡಲಿಲ್ಲ. ಬೀದಿ ಕಡೆ ಗೋಡೆಯ ಮುಂದೆ ನಿಂತು ಅಂಗೈಯಿಂದ ತಟ್ಟಿದ್ರು.

"ಈ ಗ್ವಾಡೆಗೆ ಸಿಮೆಂಟ್ ಬಳ್ದೋರ್ಯಾರು ಸಾ?"

ಯಜಮಾನರೇ. ಮಗನ ಮದುವೆಗೆ ಮುಂಚೆ ಮುಂಭಾಗ ಚೆನ್ನಾಗಿ ಕಾಣಲಿ ಅಂತ. "ಮಣ್ಣಿನ್ ಗ್ವಾಡೆಗೆ ಉಸ್ರು ಕಟ್ಟೋಯ್ತದೆ" ಅಂದ್ರು ಮೇಸ್ತ್ರಿ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತೆ, ಸುಣ್ಣದ ಗಾರೆಯಿದ್ರೆ ಅದು ಹಾಗೇ ಆರಿ ಹೋಗುತ್ತೆ. ಮೇಲೆ ಸಿಮೆಂಟ್ ಮೆತ್ತಿದ್ರೆ ತೇವ ಒಳಗೇ ಕೂತು ಮಣ್ಣನ್ನು ಸಡಿಲ ಮಾಡುತ್ತೆ. ಮನೆಯಲ್ಲಿ ಎಲ್ಲಕ್ಕಿಂತ ಹೊಸದಾಗಿ ಕಂಡ ಗೋಡೆಯೇ ಎಲ್ಲಕ್ಕಿಂತ ಕೆಟ್ಟಿತ್ತು. ಅದನ್ನು ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆ ಮಾಡಬೇಕು. ಸುಣ್ಣ ಅರಳಿಸಿ, ದಿನಗಟ್ಟಲೆ ಕೊಳೆಹಾಕಿ, ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಅರೆಯೋ ಕೆಲಸ. ಸಿಮೆಂಟ್ ಮೂಟೆ ತಂದು ಸುರಿದ ಹಾಗಲ್ಲ. ಮಾಡೋರೂ ಕಡಿಮೆ.

ಆಮೇಲೆ ತೊಲೆಗಳು. ನಡುವೆ ಕಾಣೋ ಭಾಗ ಬಂಡೆ ಥರ ಇತ್ತು. ಮೇಸ್ತ್ರಿ ಏಣಿ ಹತ್ತಿ, ತೊಲೆ ಗೋಡೆಯೊಳಗೆ ಸೇರೋ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ್ರು. ಎರಡು ಕಡೆ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ಗೋಡೆಯ ತೇವ ಮೊದಲು ಮುಟ್ಟೋದು ಆ ತುದಿಗಳನ್ನೇ, ಗೆದ್ದಲು ಬರೋದೂ ಅಲ್ಲಿಂದಲೇ. ನಾನು ಝೂಮ್ ಮಾಡಿ ನೋಡಿದ್ದು ಕಂಬದ ಕೆತ್ತನೆ. ಮನೆ ನಿಂತಿದ್ದು ಕಣ್ಣಿಗೆ ಕಾಣದ ಆ ಒಂದು ಮೊಳದ ಮೇಲೆ.

ಮಾಡಿನ ಮೇಲೆ ಒಂದಷ್ಟು ಹೆಂಚು ಒಡೆದಿದ್ವು, ಇನ್ನಷ್ಟು ಜಾಗ ತಪ್ಪಿದ್ವು. ಕಾರಣ ಮಳೆ ಅಲ್ಲ, ಕೋತಿ. ಮೇಲುಕೋಟೆಗೆ ಹೋದವರಿಗೆ ಅಲ್ಲಿನ ಕೋತಿಗಳ ಪರಿಚಯ ಹೇಳಬೇಕಿಲ್ಲ. ನಿಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡದ್ದು ಎಲ್ಲಿ ಕೂತು ತಿನ್ನುತ್ತೆ ಅಂದ್ರೆ, ಇಂಥ ಮನೆಯ ಮಾಡಿನ ಮೇಲೆ. ಬದಲಿ ಹೆಂಚು ಹೊಸದು ತಂದು ಹಾಕೋಣ ಅಂದ್ರೆ ಒಂದು ಕಾರ್ಖಾನೆಯ ಹೆಂಚಿನ ತೋಡು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ಅದೇ ಅಚ್ಚಿನ ಹಳೇ ಹೆಂಚು ಬೇಕು, ಅಂದ್ರೆ ಎಲ್ಲೋ ಇನ್ನೊಂದು ಮನೆ ಕೆಡವಬೇಕು.

ವೈರಿಂಗ್ ಪೂರ್ತಿ ಹೊಸದು, ಶೌಚಾಲಯ ಒಳಗೆ ತರೋದು, ಇವೆಲ್ಲ ಸೇರಿ ಮೇಸ್ತ್ರಿ ಹೇಳಿದ ಅಂದಾಜು 22 ಲಕ್ಷ. "ಬಿಚ್ಚಿದ್ ಮ್ಯಾಲೆ ಇನ್ನೂ ಏನೇನ್ ಅದೋ" ಅಂತಲೂ ಸೇರಿಸಿದ್ರು. ನಾನು ನನ್ನ ಎಕ್ಸೆಲ್ ಶೀಟಿನಲ್ಲಿ 30 ಅಂತ ಬರೆದುಕೊಂಡೆ. ಸಾಫ್ಟ್‌ವೇರ್‌ನಲ್ಲಿ ಹಳೇ ಕೋಡ್ ಮುಟ್ಟಿದವರಿಗೆ ಈ ಲೆಕ್ಕ ಗೊತ್ತಿರುತ್ತೆ.

ಬ್ಯಾಂಕಿನ ಕಥೆ ಚಿಕ್ಕದು. 65 ಲಕ್ಷದ ಮನೆಗೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಶೇ. 80ರವರೆಗೆ ಸಾಲ ಕೊಡಬಹುದು ಅಂತ ನಾನು ಲೆಕ್ಕ ಹಾಕಿದ್ದೆ. ಆ ಶೇ. 80 ನಾವು ಕೊಡೋ ಬೆಲೆಯ ಮೇಲಲ್ಲ, ಬ್ಯಾಂಕಿನ ವ್ಯಾಲ್ಯುಯರ್ ಬರೆಯೋ ಬೆಲೆಯ ಮೇಲೆ. ವ್ಯಾಲ್ಯುಯರ್ ಬಂದ್ರು, ನೋಡಿದ್ರು, ನಿವೇಶನಕ್ಕೆ ಒಂದು ಬೆಲೆ ಬರೆದ್ರು, ಕಟ್ಟಡದ ಮುಂದೆ ಸೊನ್ನೆ ಹಾಕಿದ್ರು. ಕಂಬ, ತೊಟ್ಟಿ, ಕಾವಿ ನೆಲ, ಎಲ್ಲ ಸೇರಿ ಸೊನ್ನೆ.

ಬ್ರೋಕರ್ ಹತ್ರ ಮಾತ್ರ ಕಟ್ಟಡಕ್ಕೆ ಬೆಲೆ ಇತ್ತು. "ನಿಮಗೆ ಬೇಡಾಂದ್ರೆ ಹೇಳಿ ಸಾರ್. ಕಂಬ, ಬಾಗಿಲು, ತೊಲೆ ಬಿಚ್ಚಿ ಕೊಂಡ್ಕೊಳ್ಳೋ ಪಾರ್ಟಿ ಇದೆ. ರೆಸಾರ್ಟ್‌ಗೆ ಹೋಗುತ್ತೆ." ಸುಳ್ಳಲ್ಲ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಗೆ ಒಂದು ಸಲ ಹೋಗಿದ್ದೆ. ಚೆಟ್ಟಿನಾಡಿನ ಮನೆಗಳ ಕಂಬ, ಬಾಗಿಲು, ಪಾತ್ರೆ, ಫೋಟೋಗಳು ಅಲ್ಲಿ ಅಂಗಡಿಗಳಲ್ಲಿ ರಾಶಿ ಬಿದ್ದಿರುತ್ತೆ. ಯಾರದೋ ಮದುವೆಯ ಗ್ರೂಪ್ ಫೋಟೋಗೂ ರೇಟಿತ್ತು. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ, ಅದು ದೊಡ್ಡ ಕೆಲಸ. ಆದರೆ ಬಿಚ್ಚಿದ ಎಲ್ಲ ಮನೆಗೂ ಅಂಥವರು ಸಿಗಲ್ಲ. ಬ್ರೋಕರ್ ಆ ಮಾತು ಹೇಳಿದ್ದು ನನ್ನನ್ನು ಅವಸರಕ್ಕೆ ಬೀಳಿಸೋಕೆ ಅಂತ ಗೊತ್ತಿದ್ದೂ ಅವತ್ತು ರಾತ್ರಿ ಅಡ್ವಾನ್ಸ್ ಕಳಿಸೋಕೆ ಬ್ಯಾಂಕ್ ಆ್ಯಪ್ ತೆರೆದೆ. ಇವಳು ಫೋನ್ ಕಿತ್ತಿಟ್ಟುಕೊಂಡ್ಲು.

ಕಾಗದಪತ್ರಕ್ಕೆ ಬರೋಣ, ಯಾಕಂದ್ರೆ ಎಲ್ಲ ನಿಂತದ್ದು ಅಲ್ಲೇ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ಯಜಮಾನರ ಹೆಸರಲ್ಲಿತ್ತು. ಋಣಭಾರ ಪತ್ರ ತೆಗೆಸಿದ್ವಿ, ಸಾಲ ಇಲ್ಲ. ದೇವಸ್ಥಾನದ ಊರುಗಳಲ್ಲಿ ಜಾಗ ದೇವಸ್ಥಾನದ್ದಾಗಿ, ಕಟ್ಟಡ ಮಾತ್ರ ಮನೆಯವರದ್ದಾಗಿರೋದೂ ಉಂಟು, ಅದನ್ನೂ ನೋಡಿದ್ವಿ, ಹಾಗಿರಲಿಲ್ಲ. ಎಲ್ಲ ಸರಿ ಅಂದುಕೊಳ್ಳುವಾಗ ವಕೀಲನಾಗಿರೋ ಗೆಳೆಯ ವಂಶವೃಕ್ಷದ ಮೇಲೆ ಬೆರಳಿಟ್ಟ. "ಇವರು ಯಾರು?"

ಯಜಮಾನರ ತಂಗಿ. ಮದುವೆಯಾಗಿ ಐವತ್ತು ವರ್ಷದ ಮೇಲಾಯ್ತು, ಮೈಸೂರಿನಲ್ಲಿದ್ದಾರೆ. ಅಣ್ಣ-ತಮ್ಮಂದಿರು 1978ರಲ್ಲಿ ಬಾಯಿಮಾತಲ್ಲಿ ಭಾಗ ಮಾಡಿಕೊಂಡಿದ್ರು: ಗದ್ದೆ ತಮ್ಮನಿಗೆ, ಮನೆ ಅಣ್ಣನಿಗೆ. ತಂಗಿಯನ್ನು ಯಾರೂ ಕೇಳಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂತು. ಆಗ ತಂದೆ ಬದುಕಿರಬೇಕಿತ್ತಾ ಅನ್ನೋ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್, ಬೇಕಿಲ್ಲ ಅಂತ ಬಗೆಹರಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರ ಇದ್ರೆ ಮಾತು ಬೇರೆ. ಬಾಯಿಮಾತಿನ ಭಾಗವನ್ನು ಕೋರ್ಟು ಸುಲಭವಾಗಿ ಒಪ್ಪಲ್ಲ. ಹಳೇ ಮನೆ ನೋಡೋರು ಗೆದ್ದಲು ಹುಡುಕೋಕೆ ಮುಂಚೆ ಆ ಮನೆಯ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅಂತ ಕೇಳಿ. ನಾನು ಕೇಳಿರಲಿಲ್ಲ.

"ಅವಳೇನೂ ಕೇಳಲ್ಲ, ಸೈನ್ ಹಾಕ್ತಾಳೆ" ಅಂದ್ರು ಯಜಮಾನರು. ತಂಗಿಗೆ ಫೋನ್ ಮಾಡಿದಾಗ ಅವರು ಹಾಕಲ್ಲ ಅನ್ನಲಿಲ್ಲ. "ಒಂದು ಸಲ ಮನೆ ನೋಡಬೇಕು. ಮಂಡಿ ನೋವು, ಬಸ್ಸಲ್ಲಿ ಆಗಲ್ಲ. ಯಾರಾದ್ರೂ ಕರ್ಕೊಂಡು ಹೋದ್ರೆ..." ಅಂದ್ರಂತೆ.

ಹಾಗಾಗಿ ಅಕ್ಟೋಬರ್‌ನ ಒಂದು ಭಾನುವಾರ ನಾವು ಮೈಸೂರಿಗೆ ಹೋಗಿ ಅವರನ್ನು ಕೂರಿಸಿಕೊಂಡು ಹೊರಟ್ವಿ. 74 ವರ್ಷ, ಕೈಯಲ್ಲೊಂದು ಡಬ್ಬಿ, ಅದರಲ್ಲಿ ಅಣ್ಣನಿಗೆ ಅಂತ ಕೋಡುಬಳೆ. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಪಾಂಡವಪುರ ದಾಟುವಷ್ಟರಲ್ಲಿ ಮಳೆ ಹಿಡೀತು. ಮಂಡ್ಯದ ಕಡೆ ಜೋರು ಮಳೆ ಬರೋದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ. ನಾನು ಈ ಮನೆಯನ್ನು ಮಳೆಯಲ್ಲಿ ನೋಡಿಯೇ ಇರಲಿಲ್ಲ.

ಬಾಗಿಲಲ್ಲಿ ಅವರು ತಲೆ ಬಗ್ಗಿಸಿದ್ದು ನಾನು ನೋಡಿದೆ. ಯೋಚನೆಯೇ ಇಲ್ಲದೆ, ನಾವು ಲಿಫ್ಟ್ ಬಟನ್ ಒತ್ತೋ ಹಾಗೆ. ಒಳಗೆ ನಾಲ್ಕೂ ಮಾಡಿನಿಂದ ತೊಟ್ಟಿಗೆ ನೀರು ಸುರೀತಿತ್ತು. ಸದ್ದಿಗೆ ಮಾತು ಕೇಳಿಸ್ತಿರಲಿಲ್ಲ. ಅವರು ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ್ರು. ಆಮೇಲೆ ಸೀದಾ ಅಡುಗೆಮನೆಗೆ ಹೋಗಿ ಒಂದು ಬೋಸಿ ತಂದು ಒರಳುಕಲ್ಲಿನ ಪಕ್ಕ, ಗೋಡೆಯಿಂದ ಒಂದು ಗೇಣು ದೂರಕ್ಕೆ ಇಟ್ಟರು. ನಾವು ಮುಖ ಮುಖ ನೋಡಿಕೊಂಡ್ವಿ. ಎರಡು ನಿಮಿಷಕ್ಕೆ ಬೋಸಿಯೊಳಗೆ 'ಟಣ್' ಅಂತು. ಮತ್ತೆ 'ಟಣ್'.

"ಇನ್ನೂ ಇಲ್ಲೇ ಸೋರುತ್ತಾ!" ಅಂದ್ರು ಅಣ್ಣನಿಗೆ. ಮೇಸ್ತ್ರಿಯ ಪಟ್ಟಿಯಲ್ಲಿ ಆ ಜಾಗ ಇರಲಿಲ್ಲ.

ಊಟ ಆದ ಮೇಲೆ ಯಜಮಾನರು ಮೊರ ಹಿಡಿದು ಹಿತ್ತಲಿಗೆ ಹೋದ್ರು. ತೊಟ್ಟಿಯ ನೀರು ಹೋಗೋ ಕಲ್ಲಿನ ಕಂಡಿಗೆ ಎಲೆ ಸಿಕ್ಕಿಕೊಂಡಿತ್ತು. ಕೂತು, ಕೈ ಹಾಕಿ ತೆಗೆದು, ಎದ್ದ್ರು. ಈ ಕೆಲಸ ಮಳೆ ಬಂದಾಗೆಲ್ಲ ಮಾಡಬೇಕಂತೆ, ಇಲ್ಲದಿದ್ರೆ ಒಂದೇ ಗಂಟೆಯಲ್ಲಿ ಪಡಸಾಲೆಗೆ ನೀರು. ಸರಿದ ಹೆಂಚು ಕೂರಿಸೋದು, ಗೆದ್ದಲಿನ ಗೂಡು ಕಂಡ ದಿನವೇ ಕೆರೆಯೋದು, ಬಾಗಿಲು ತೆಗೆದು ಗಾಳಿಯಾಡಿಸೋದು, ಅವರು ದಿನಾ ಮಾಡ್ತಿದ್ದದ್ದು ಇದನ್ನೇ. ನಾನು ಶನಿವಾರ-ಭಾನುವಾರದ ಮನೆ ಅಂತ ಲೆಕ್ಕ ಹಾಕಿದ್ದೆ. ಎಕ್ಸೆಲ್ ಶೀಟಿನಲ್ಲಿ ತೊಲೆಗೆ ದುಡ್ಡಿತ್ತು, ಸೋಮವಾರದಿಂದ ಶುಕ್ರವಾರಕ್ಕೆ ಏನೂ ಇರಲಿಲ್ಲ. ಮಂಗಳವಾರ ರಾತ್ರಿ ಮಳೆ ಬಂದ್ರೆ ಆ ಎಲೆ ತೆಗೆಯೋರು ಯಾರು?

ಕೈ ತೊಳೆದುಕೊಂಡು ಬಂದ ಯಜಮಾನರು ಅದನ್ನೇ ಕೇಳಿದ್ರು. ಹತ್ತು ತಿಂಗಳಲ್ಲಿ ಬೆಲೆಯ ಬಗ್ಗೆ ಒಂದು ಸಲವೂ ಜೋರಾಗಿ ಮಾತಾಡದ ಮನುಷ್ಯ. "ಅಲ್ಲಪ್ಪಾ, ನೀವು ತಗೊಂಡ್ರೆ ಇಲ್ಲಿ ಇರೋರು ಯಾರು?"

ನನ್ನ ಹತ್ರ ಉತ್ತರ ಇರಲಿಲ್ಲ. ಇವಳೇ ಹೇಳಿದ್ಲು: "ಸಾರ್, ಈಗಲೇ ಕೊಳ್ಳಲ್ಲ. ಹನ್ನೊಂದು ತಿಂಗಳು ಬಾಡಿಗೆಗೆ ಕೊಡಿ. ನನಗೆ ವಾರಕ್ಕೆ ಎರಡೇ ದಿನ ಆಫೀಸು, ಉಳಿದದ್ದು ಇಲ್ಲಿಂದ ಮಾಡಬಹುದಾ ನೋಡ್ತೀನಿ. ಹೆಂಚು, ಸೋರೋ ಜಾಗದ ರಿಪೇರಿ ನಮ್ಮ ಖರ್ಚು. ಆಗಲ್ಲ ಅನ್ನಿಸಿದ್ರೆ ನಿಮಗೆ ನಷ್ಟ ಇಲ್ಲ, ನಮಗೂ ಫ್ಲ್ಯಾಟಿನ ದುಡ್ಡು ಉಳಿಯುತ್ತೆ."

ಹೆಂಡತಿ ಇದನ್ನು ನನಗೂ ಹೇಳಿರಲಿಲ್ಲ. ಎಂಟು ತಿಂಗಳಿಂದ ಬೇಡ ಬೇಡ ಅಂತಿದ್ದವಳು.

ಯಜಮಾನರು ನಕ್ಕರು. "ಈ ಮನೆಗೆ ಯಾರೂ ಬಾಡಿಗೆ ಕೊಟ್ಟಿಲ್ಲ. ಎಷ್ಟು ಅಂತ ಕೇಳಲಿ?" ತಂಗಿ ಕಡೆ ನೋಡಿದ್ರು. ಅವರು ಕೋಡುಬಳೆ ಡಬ್ಬಿಯ ಮುಚ್ಚಳ ಹಾಕ್ತಾ, "ನನ್ನ ಪಾಲೂ ಇದೆಯಂತಲ್ಲ, ನಾನೇ ಹೇಳ್ತೀನಿ. ಎಂಟು ಸಾವಿರ. ವೈರಮುಡಿಗೆ ಮಾತ್ರ ನನಗೊಂದು ರೂಮು" ಅಂದ್ರು.

ಅಣ್ಣ ತಂಗಿ ಇಬ್ಬರೂ ಸೈನ್ ಹಾಕಿದ ಕರಾರು ಈಗ ನಮ್ಮ ಹತ್ರ ಇದೆ. ಯಜಮಾನರು ದೀಪಾವಳಿ ಮುಗಿಸಿ ಮೈಸೂರಿಗೆ ಹೋಗ್ತಾರೆ. ಬ್ರೋಕರ್ ಇನ್ನೂ ವಾರಕ್ಕೊಮ್ಮೆ ಮೆಸೇಜ್ ಹಾಕ್ತಾನೆ. ಮೇಸ್ತ್ರಿ ಬರೋ ಶನಿವಾರ ಬರ್ತೀನಿ ಅಂದಿದ್ದಾರೆ, ಒರಳುಕಲ್ಲಿನ ಮೇಲಿನ ಮಾಡು ಬಿಚ್ಚಿ ನೋಡೋಕೆ. ಅದೇ ಅಚ್ಚಿನ ನಲವತ್ತು ಹೆಂಚು ಬೇಕು. ನಾಗಮಂಗಲದ ಹತ್ರ ಒಂದು ಮನೆ ಕೆಡವ್ತಿದ್ದಾರಂತೆ, ಕಾರಿನ ಹಿಂದಿನ ಸೀಟು ಮಡಚಿಕೊಂಡು ಹೋಗಬೇಕು.